ಟೋಕನ್ ಸರಿಯಿದೆ, ಅನುಮತಿ ಇದೆಯೇ?

ಕಾಫಿ ತೋಟದ ಚೆಕ್‌ರೋಲ್ ತೆರೆದರೆ ಕಾರ್ಮಿಕರ ಹಾಜರಿ, ಅವತ್ತು ಕೊಯ್ದ ಹಣ್ಣಿನ ತೂಕ, ಕೊಟ್ಟ ಮುಂಗಡ, ವಾರದ ಬಟವಾಡೆಯಲ್ಲಿ ಹಿಡಿದುಕೊಂಡ ಹಣ ಎಲ್ಲವೂ ಸಾಲುಸಾಲಾಗಿ ಕಾಣುತ್ತದೆ. ಬೆಳಿಗ್ಗೆ ಮೇಸ್ತ್ರಿ ಹೆಸರು ಕೂಗುತ್ತಾರೆ, ರೈಟರು ಬರೆಯುತ್ತಾರೆ, ವಾರದ ಕೊನೆಗೆ ಸಾಹುಕಾರರು ನೋಡಿ ಸಹಿ ಹಾಕುತ್ತಾರೆ. ಯಾರು ಯಾವ ಕಾಲಂ ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಆ ಪುಸ್ತಕದ ಮೇಲೆ ಎಲ್ಲೂ ಬರೆದಿರುವುದಿಲ್ಲ. ಆದರೂ ತೋಟದಲ್ಲಿ ಎಲ್ಲರಿಗೂ ಅದು ಗೊತ್ತು.

ಈ ಪುಸ್ತಕವನ್ನು ಮೊಬೈಲಿಗೆ ತರುವ ಕೆಲಸ ಮಲೆನಾಡಿನಲ್ಲಿ ಶುರುವಾಗಿದೆ. ಗೋಣಿಬೀಡು, ಜನ್ನಾಪುರ, ಬಣಕಲ್ ಕಡೆಯ ಹುಡುಗ ಹುಡುಗಿಯರು ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾ, ಬಿಡುವಿನಲ್ಲಿ ಪರಿಚಯದ ತೋಟಕ್ಕೊಂದು ವೆಬ್ ಆ್ಯಪ್ ಬರೆದುಕೊಡುತ್ತಾರೆ. ಅಂಥವರಿಗಾಗಿ ಈ ಲೇಖನ. ಲಾಗಿನ್ ಆದ ಮೇಲೆ ಸರ್ವರ್ ಕೊಡುವ ಟೋಕನ್ನನ್ನು ಕೋಡಿನಲ್ಲಿ ಹೇಗೆ ನಿಭಾಯಿಸಬೇಕು, ಎಲ್ಲಿ ಜನ ಎಡವುತ್ತಾರೆ, ಸಿಗ್ನಲ್ ಬಂದು ಹೋಗುವ ನಮ್ಮ ಊರುಗಳಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು ಎಂಬುದನ್ನು ಚೆಕ್‌ರೋಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಸರ್ವರ್ ಕೇಳಬೇಕಾದ ಪ್ರಶ್ನೆ ಎರಡು. ಬಂದವರು ಯಾರು? ಇವರು ಈ ಕೆಲಸವನ್ನು ಈ ದಾಖಲೆಯ ಮೇಲೆ ಮಾಡಬಹುದೇ? ಟೋಕನ್ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರವನ್ನು ನೀವೇ ಬರೆಯಬೇಕು, ಪ್ರತಿ ರೂಟಿನಲ್ಲೂ ಬರೆಯಬೇಕು. ನನ್ನ ಕಣ್ಣಿಗೆ ಬೀಳುವ ಕೋಡಿನಲ್ಲಿ ಲಾಗಿನ್ ಪುಟ ಚೆನ್ನಾಗಿರುತ್ತದೆ, ಟೋಕನ್ ಪರೀಕ್ಷಿಸುವ ಮಿಡಲ್‌ವೇರ್ ಕೂಡ ಸರಿಯಾಗಿರುತ್ತದೆ. ಅಲ್ಲಿಂದ ಮುಂದೆ ಬಾಗಿಲು ತೆರೆದೇ ಇರುತ್ತದೆ. ಇದು ನಮ್ಮೂರಿನವರ ತಪ್ಪು ಮಾತ್ರ ಎಂದುಕೊಳ್ಳಬೇಡಿ. ವೆಬ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ 2021ರಲ್ಲಿ ಹೊರತಂದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಅನುಮತಿ ನಿಯಂತ್ರಣದ ಲೋಪ ಮೊದಲ ಸ್ಥಾನದಲ್ಲಿದೆ. 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು. ಎಪಿಐಗಳಿಗೆಂದೇ ಮಾಡಿದ 2019 ಮತ್ತು 2023ರ ಪಟ್ಟಿಗಳಲ್ಲೂ ಮೊದಲ ಸ್ಥಾನ ಇದರದೇ: ಒಂದೊಂದು ದಾಖಲೆಯ ಮಟ್ಟದಲ್ಲಿ ಅನುಮತಿ ನೋಡದಿರುವುದು.

ಟೋಕನ್ನಿನೊಳಗೆ ಏನಿದೆ

ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವುದು ಜೆಡಬ್ಲ್ಯುಟಿ, ಅಂದರೆ ಜೇಸನ್ ವೆಬ್ ಟೋಕನ್. 2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7519 ಎಂಬ ಸಂಖ್ಯೆಯಲ್ಲಿ ಇದರ ನಿಯಮ ಪ್ರಕಟವಾಯಿತು. ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗಗಳು: ಯಾವ ವಿಧಾನದಲ್ಲಿ ಸಹಿ ಮಾಡಿದೆ ಎಂಬ ತಲೆಬರಹ, ಬಳಕೆದಾರರ ಬಗೆಗಿನ ಮಾಹಿತಿ, ಕೊನೆಗೆ ಸಹಿ. ಮೊದಲೆರಡು ಭಾಗಗಳು ಜೇಸನ್ ಪಠ್ಯವನ್ನು ಬೇಸ್64 ವಿಧಾನದಲ್ಲಿ ಬರೆದಿದ್ದು, ಅಷ್ಟೇ. ಈ ಜೇಸನ್ ಸಾಮಾನ್ಯವಾಗಿ ಪುಷ್ಪಾವರಣ ಮತ್ತು ಉದ್ಧರಣ ಚಿಹ್ನೆಯಿಂದ ಶುರುವಾಗುವುದರಿಂದ ಈ ಟೋಕನ್ನುಗಳು ಬಹುತೇಕ ಇ, ವೈ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದಲೇ ಆರಂಭವಾಗುತ್ತವೆ. ಸರ್ವರ್ ಲಾಗಿನಲ್ಲೋ ವಾಟ್ಸ್‌ಆ್ಯಪ್ ಸಂದೇಶದಲ್ಲೋ ಈ ಮೂರಕ್ಷರದಿಂದ ಶುರುವಾಗುವ ಉದ್ದ ಸಾಲು ಕಂಡರೆ ಅಲ್ಲಿ ಟೋಕನ್ ಬಯಲಾಗಿದೆ ಎಂದೇ ತಿಳಿಯಿರಿ.

ಸಹಿ ಇರುವುದರಿಂದ ಯಾರಿಂದಲೂ ಅದನ್ನು ತಿದ್ದಲಾಗದು. ಆದರೆ ಯಾರು ಬೇಕಾದರೂ ಓದಬಹುದು, ಏಕೆಂದರೆ ಅದು ಗುಪ್ತಲಿಪಿಯಲ್ಲಿ ಇರುವುದಿಲ್ಲ. ಹಾಗಾಗಿ ಕಾರ್ಮಿಕರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮುಂಗಡದ ಬಾಕಿ ಇವನ್ನು ಟೋಕನ್ನಿನೊಳಗೆ ತುಂಬಲೇಬಾರದು.

ಇನ್ನೊಂದು ಗುಣವಿದೆ. ನಾವು ಬಳಸುವ ಟೋಕನ್ನುಗಳು ಬಹುತೇಕ ಬೇರರ್ ಜಾತಿಯವು: ಯಾರ ಕೈಯಲ್ಲಿದೆಯೋ ಅವರದು. ಮೂಡಿಗೆರೆಯಿಂದ ಗೋಣಿಬೀಡಿಗೆ ಬರುವ ಬಸ್ಸಿನ ಟಿಕೆಟ್ ಹಾಗೆಯೇ. ಚೆಕ್ಕಿಂಗ್‌ನವರು ಟಿಕೆಟ್ ನೋಡುತ್ತಾರೆ, ಹೆಸರು ಕೇಳುವುದಿಲ್ಲ, ಡಿಪೋಗೆ ಫೋನ್ ಮಾಡುವುದೂ ಇಲ್ಲ. ಟಿಕೆಟ್ ಬೇರೆಯವರಿಗೆ ಸಿಕ್ಕರೆ ಪ್ರಯಾಣ ಅವರದು.

ಇದರ ಪರಿಣಾಮ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2018ರ ಫೇಸ್‌ಬುಕ್ ಪ್ರಕರಣ ನೋಡಿ. ನಮ್ಮ ಪ್ರೊಫೈಲ್ ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ 'ವ್ಯೂ ಆ್ಯಸ್' ಎಂಬ ಸೌಲಭ್ಯ ಅದರಲ್ಲಿತ್ತು. ಬರೀ ನೋಡಲಿಕ್ಕೆ ಇರಬೇಕಾದ ಆ ಪುಟದಲ್ಲಿ ಹುಟ್ಟುಹಬ್ಬದ ಶುಭಾಶಯದ ಪೆಟ್ಟಿಗೆಯೊಂದು ವಿಡಿಯೊ ಹಾಕಲು ಅವಕಾಶ ಕೊಡುತ್ತಿತ್ತು. 2017ರ ಜುಲೈನಲ್ಲಿ ಬದಲಾಯಿಸಿದ ಆ ವಿಡಿಯೊ ಅಪ್‌ಲೋಡರ್ ಒಂದು ಟೋಕನ್ ತಯಾರಿಸುತ್ತಿತ್ತು. ಅದಕ್ಕೆ ಮೊಬೈಲ್ ಆ್ಯಪಿನಷ್ಟೇ ಅಧಿಕಾರ. ಅದೂ ನೋಡುತ್ತಿದ್ದವರ ಹೆಸರಿನಲ್ಲಲ್ಲ, ಯಾರ ಕಣ್ಣಿನಿಂದ ನೋಡುತ್ತಿದ್ದರೋ ಆ ಇನ್ನೊಬ್ಬರ ಹೆಸರಿನಲ್ಲಿ. ಮೂರು ಸಣ್ಣ ತಪ್ಪುಗಳು ಒಂದೆಡೆ ಕೂಡಿದ್ದವು. ಸೆಪ್ಟೆಂಬರ್ 25ರಂದು ಕಂಪನಿಗೆ ಇದು ತಿಳಿಯಿತು, 28ರಂದು ಪ್ರಕಟಿಸಿತು. ಮೊದಲು 5 ಕೋಟಿ ಖಾತೆಗಳೆಂದು ಅಂದಾಜಿಸಿ, ಮುಂದಿನ ತಿಂಗಳು 3 ಕೋಟಿ ಜನರ ಟೋಕನ್ ಕಳುವಾಗಿದೆ ಎಂದಿತು. ಒಬ್ಬರ ಪಾಸ್‌ವರ್ಡ್ ಕೂಡ ಹೋಗಿರಲಿಲ್ಲ, ಟೋಕನ್ನೇ ಸಾಕಾಗಿತ್ತು. ಫೇಸ್‌ಬುಕ್ ಮಾಡಿದ ಒಂದು ಕೆಲಸವನ್ನು ಮಾತ್ರ ನಾವೂ ಕಲಿಯಬೇಕು: ಸುಮಾರು 9 ಕೋಟಿ ಜನರ ಟೋಕನ್ನುಗಳನ್ನು ಒಮ್ಮೆಗೇ ರದ್ದು ಮಾಡಿ ಎಲ್ಲರೂ ಮತ್ತೆ ಲಾಗಿನ್ ಆಗುವಂತೆ ಮಾಡಿತು. ನಿಮ್ಮ ಆ್ಯಪಿನಲ್ಲಿ ಹತ್ತೇ ಜನ ಇದ್ದರೂ ಹಾಗೆ ರದ್ದು ಮಾಡುವ ದಾರಿ ಇರಬೇಕು. ಬಳಕೆದಾರರ ಟೇಬಲ್‌ನಲ್ಲಿ ಆವೃತ್ತಿ ಸಂಖ್ಯೆಯ ಒಂದು ಕಾಲಂ ಇಟ್ಟು, ಅದೇ ಸಂಖ್ಯೆಯನ್ನು ಟೋಕನ್ನಿನಲ್ಲೂ ಬರೆಯಿರಿ. ಸಂಖ್ಯೆ ಒಂದು ಹೆಚ್ಚಿಸಿದರೆ ಆ ವ್ಯಕ್ತಿಯ ಹಳೆಯ ಟೋಕನ್ನುಗಳೆಲ್ಲ ಸತ್ತುಹೋಗುತ್ತವೆ.

ದಾಖಲೆಯ ಬಾಗಿಲಲ್ಲಿ

ಹಾಜರಿ ತಿದ್ದುವ ರೂಟ್ ಒಂದನ್ನು ನೋಡೋಣ. ವಿಳಾಸದ ಕೊನೆಯಲ್ಲಿ ಹಾಜರಿ ದಾಖಲೆಯ ಸಂಖ್ಯೆ ಇರುತ್ತದೆ, 4127 ಎಂದಿಟ್ಟುಕೊಳ್ಳಿ. ಮೇಸ್ತ್ರಿಯ ಟೋಕನ್ ಸರಿಯಾಗಿದೆ, ಅವಧಿ ಮುಗಿದಿಲ್ಲ, ಸಹಿ ಹೊಂದುತ್ತದೆ. ಕೋಡ್ ದಾಖಲೆ 4127ನ್ನು ಡೇಟಾಬೇಸಿನಿಂದ ತಂದು ಅರ್ಧ ದಿನವನ್ನು ಪೂರ್ತಿ ದಿನ ಮಾಡುತ್ತದೆ. ಈಗ ಅದೇ ಮೇಸ್ತ್ರಿಯ ಫೋನಿನಿಂದ ಯಾರಾದರೂ 4127ರ ಬದಲು 4128 ಎಂದು ಕಳಿಸಿದರೆ? ಅದು ಪಕ್ಕದ ಗುಂಪಿನ ಹಾಜರಿ ಇರಬಹುದು. ಅದೇ ಸರ್ವರಿನಲ್ಲಿರುವ ಬೇರೆ ತೋಟದ ಹಾಜರಿಯೇ ಇರಬಹುದು. ಟೋಕನ್ ಈಗಲೂ ಸರಿಯಾಗಿಯೇ ಇದೆ. ಸರ್ವರ್ ಅದನ್ನೂ ತಿದ್ದಿ ಬಿಡುತ್ತದೆ.

ಇದನ್ನು ತಡೆಯಲು ನಾನು ಹೇಳುವ ಮೊದಲ ನಿಯಮ: ದಾಖಲೆಯನ್ನು ಬರೀ ಸಂಖ್ಯೆಯಿಂದ ಹುಡುಕಬೇಡಿ. ದಾಖಲೆಯ ಸಂಖ್ಯೆ ಮತ್ತು ತೋಟದ ಸಂಖ್ಯೆ ಎರಡೂ ಹೊಂದಿದರೆ ಮಾತ್ರ ಸಿಗುವಂತೆ ಕ್ವೆರಿ ಬರೆಯಿರಿ. ಆ ತೋಟದ ಸಂಖ್ಯೆ ಎಲ್ಲಿಂದ ಬರಬೇಕು? ಟೋಕನ್ ಪರೀಕ್ಷಿಸಿ ತಿಳಿದ ಬಳಕೆದಾರರಿಂದ, ಅವರು ಯಾವ ತೋಟಕ್ಕೆ ಸೇರಿದವರು ಎಂದು ನಿಮ್ಮ ಡೇಟಾಬೇಸ್ ಹೇಳುವುದರಿಂದ. ಫಾರಂನಲ್ಲೋ ರಿಕ್ವೆಸ್ಟಿನ ಒಡಲಲ್ಲೋ ಬಂದ ತೋಟದ ಸಂಖ್ಯೆಯನ್ನು ಎಂದೂ ನಂಬಬೇಡಿ. ಒಬ್ಬರೇ ರೈಟರು ಎರಡು ತೋಟದ ಲೆಕ್ಕ ನೋಡುವುದು ನಮ್ಮಲ್ಲಿ ಅಪರೂಪವೇನಲ್ಲ. ಆಗ ಯಾವ ತೋಟ ಎಂದು ಅವರು ಆರಿಸಿಕೊಳ್ಳಲಿ, ಆದರೆ ಆರಿಸಿದ್ದು ಅವರ ಪಟ್ಟಿಯಲ್ಲಿ ಇದೆಯೇ ಎಂದು ಸರ್ವರ್ ಪ್ರತಿ ಸಲ ನೋಡಲಿ.

ಎರಡನೆಯದು, ಹುದ್ದೆಯ ಹೆಸರನ್ನು ಕೋಡಿನ ತುಂಬ ಚೆಲ್ಲಬೇಡಿ. 'ಮೇಸ್ತ್ರಿಯಾದರೆ', 'ರೈಟರಾದರೆ' ಎಂಬ ಷರತ್ತು ಇಪ್ಪತ್ತು ಕಡೆ ಇದ್ದರೆ, ನಾಳೆ ಸಾಹುಕಾರರ ಮಗಳು ಲೆಕ್ಕ ನೋಡಲು ಶುರು ಮಾಡಿದಾಗ ಇಪ್ಪತ್ತೂ ಕಡೆ ತಿದ್ದಬೇಕು, ಒಂದು ಕಡೆ ಮರೆತೇ ಮರೆಯುತ್ತೀರಿ. ಒಂದೇ ಫಂಕ್ಷನ್ ಬರೆಯಿರಿ: ಈ ಬಳಕೆದಾರರು, ಈ ಕೆಲಸವನ್ನು, ಈ ದಾಖಲೆಯ ಮೇಲೆ ಮಾಡಬಹುದೇ? ಹೌದು ಅಥವಾ ಇಲ್ಲ. ತೋಟದ ರೂಢಿಯೆಲ್ಲ ಅದರೊಳಗೆ ಬರಲಿ. ಮೇಸ್ತ್ರಿ ತನ್ನ ಗುಂಪಿನ ಹಾಜರಿಯನ್ನು ಅದೇ ದಿನ ಮಾತ್ರ ತಿದ್ದಬಹುದು. ರೈಟರು ಬಟವಾಡೆ ಮುಗಿಯುವವರೆಗೆ ತಿದ್ದಬಹುದು. ಬಟವಾಡೆಯಾದ ವಾರವನ್ನು ಯಾರೂ ತಿದ್ದುವ ಹಾಗಿಲ್ಲ, ಸಾಹುಕಾರರೂ ಇಲ್ಲ. ತಪ್ಪಿದ್ದರೆ ಮುಂದಿನ ವಾರ ಬೇರೆ ಸಾಲಿನಲ್ಲಿ ಸರಿಪಡಿಸಬೇಕು. ಮುಂಗಡ ಎಷ್ಟಿದೆ ಎಂದು ಕಾರ್ಮಿಕರು ತಮ್ಮದನ್ನು ಮಾತ್ರ ನೋಡಬಹುದು. ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ಉತ್ತರ 'ಇಲ್ಲ'. ಹೊಸ ರೂಟ್ ಸೇರಿಸಿ ಅನುಮತಿ ಬರೆಯಲು ಮರೆತರೆ ಆ ರೂಟ್ ಕೆಲಸ ಮಾಡಬಾರದು, ಎಲ್ಲರಿಗೂ ತೆರೆದುಕೊಳ್ಳಲೂಬಾರದು.

ಬಟನ್ ಮರೆಮಾಡಿದರೆ ಸಾಕು ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಮೇಸ್ತ್ರಿಯ ಪರದೆಯಲ್ಲಿ 'ಮುಂಗಡ ತಿದ್ದು' ಬಟನ್ ಕಾಣದಿರುವುದು ಅನುಕೂಲಕ್ಕೆ ಒಳ್ಳೆಯದು. ರಕ್ಷಣೆ ಮಾತ್ರ ಸರ್ವರಿನಲ್ಲೇ ಇರಬೇಕು, ಏಕೆಂದರೆ ಬ್ರೌಸರಿನ ಡೆವಲಪರ್ ಪರದೆ ತೆರೆದು ರಿಕ್ವೆಸ್ಟ್ ಕಳಿಸುವುದು ಪಿಯುಸಿ ಓದುವ ಮಕ್ಕಳಿಗೂ ಗೊತ್ತು.

ಉತ್ತರ ಕೊಡುವಾಗ 401 ಮತ್ತು 403ನ್ನು ಬೆರೆಸಬೇಡಿ. ಟೋಕನ್ ಇಲ್ಲ, ಕೆಟ್ಟಿದೆ, ಅವಧಿ ಮುಗಿದಿದೆ ಎಂದರೆ 401. ಯಾರೆಂದು ಗೊತ್ತಿದೆ, ಆದರೆ ಅನುಮತಿ ಇಲ್ಲ ಎಂದರೆ 403. ಬೇರೆ ತೋಟದ ದಾಖಲೆ ಇದೆ ಎಂಬ ಸುಳಿವೂ ಸಿಗಬಾರದು ಎಂದಿದ್ದರೆ 404 ಕೊಡಬಹುದು. ಪರದೆಯ ಮೇಲಿನ ಮಾತು ಕನ್ನಡದಲ್ಲಿರಲಿ ಮತ್ತು ಬೇರೆಬೇರೆಯಾಗಿರಲಿ: 'ಮತ್ತೆ ಲಾಗಿನ್ ಆಗಿ' ಒಂದಕ್ಕೆ, 'ಇದನ್ನು ತಿದ್ದಲು ನಿಮಗೆ ಅನುಮತಿ ಇಲ್ಲ, ರೈಟರನ್ನು ಕೇಳಿ' ಇನ್ನೊಂದಕ್ಕೆ. ಎರಡಕ್ಕೂ ಲಾಗಿನ್ ಪುಟವನ್ನೇ ತೋರಿಸಿದರೆ ಮೇಸ್ತ್ರಿ ಬೆಳಿಗ್ಗೆಯೆಲ್ಲ ಪಾಸ್‌ವರ್ಡ್ ಒತ್ತುತ್ತಾ ಕೂರಬೇಕಾಗುತ್ತದೆ. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟ ಪಾಡು ನೆನಪಿರುವವರಿಗೆ, ನಮ್ಮ ತಾಲ್ಲೂಕಿನಲ್ಲೇ ತಯಾರಾದ ಆ್ಯಪ್ ಕಾರ್ಮಿಕರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುವುದು ಸಹಿಸಲಾಗದ ಸಂಗತಿ.

ಹುದ್ದೆಯನ್ನು ಟೋಕನ್ನಿನೊಳಗೇ ಬರೆದುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಬರೆಯಬಹುದು. ಆದರೆ ಟೋಕನ್ ಕೊಟ್ಟ ಮೇಲೆ ಹುದ್ದೆ ಬದಲಾದರೆ ಟೋಕನ್ನಿಗೆ ಅದು ಗೊತ್ತಾಗುವುದಿಲ್ಲ. ಕೊಯ್ಲಿನ ನಡುವೆ ಮೇಸ್ತ್ರಿಯೊಬ್ಬರು ಕೆಲಸ ಬಿಟ್ಟರೂ ಅವಧಿ ಮುಗಿಯುವವರೆಗೆ ಅವರು ಮೇಸ್ತ್ರಿಯೇ. ಲಕ್ಷಾಂತರ ಜನ ಬಳಸುವ ಸೇವೆಗಳು ಡೇಟಾಬೇಸಿನ ಹೊರೆ ಇಳಿಸಲು ಹಾಗೆ ಮಾಡುತ್ತವೆ. ತೋಟದ ಆ್ಯಪಿಗೆ ಆ ಹೊರೆ ಇಲ್ಲ. ಟೋಕನ್ನಿನಲ್ಲಿ ಬಳಕೆದಾರರ ಸಂಖ್ಯೆ, ಆವೃತ್ತಿ ಸಂಖ್ಯೆ, ಅವಧಿ ಇಷ್ಟು ಮಾತ್ರ ಇಡಿ, ಹುದ್ದೆಯನ್ನು ಪ್ರತಿ ರಿಕ್ವೆಸ್ಟಿಗೂ ಡೇಟಾಬೇಸಿನಿಂದ ಓದಿ.

ಸಿಗ್ನಲ್ ಇಲ್ಲದ ಇಳಿಜಾರಿನಲ್ಲಿ

ಪುಸ್ತಕಗಳಲ್ಲಿ ಸಿಗುವ ಸಲಹೆ ಸರಳ: ಆಕ್ಸೆಸ್ ಟೋಕನ್ ಹತ್ತು ಹದಿನೈದು ನಿಮಿಷ ಬದುಕಲಿ, ರಿಫ್ರೆಶ್ ಟೋಕನ್ ಕೆಲವು ವಾರ ಬದುಕಲಿ, ಮೊದಲನೆಯದು ಮುಗಿದಾಗ ಎರಡನೆಯದನ್ನು ತೋರಿಸಿ ಹೊಸದು ಪಡೆಯಿರಿ. ಕಳುವಾದರೂ ಹಾನಿ ಕಡಿಮೆ. ಸಲಹೆ ಸರಿಯಾಗಿದೆ. ಆದರೆ ಅದು ಸದಾ ಇಂಟರ್ನೆಟ್ ಇರುವ ಊರನ್ನು ಮನಸ್ಸಿನಲ್ಲಿಟ್ಟುಕೊಂಡ ಸಲಹೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ. ಬೇಸಿಗೆಯಲ್ಲೂ ತೋಟದ ಇಳಿಜಾರಿನಲ್ಲಿ ಸಿಗ್ನಲ್ ಇರುವುದಿಲ್ಲ, ದಿಬ್ಬ ಹತ್ತಿದರೆ ಬರುತ್ತದೆ. ಮೇಸ್ತ್ರಿ ಬೆಳಿಗ್ಗೆ ಹಾಕಿದ ಹಾಜರಿ ಸರ್ವರಿಗೆ ಮುಟ್ಟುವುದು ಸಂಜೆ.

ಇದಕ್ಕೆಂದು ಆಕ್ಸೆಸ್ ಟೋಕನ್ನಿನ ಆಯುಸ್ಸನ್ನು ಮೂವತ್ತು ದಿನಕ್ಕೆ ಏರಿಸುವುದು ಸುಲಭದ ದಾರಿ, ತಪ್ಪು ದಾರಿ. ಸರಿಯಾದದ್ದು ಹೀಗೆ. ಹಾಜರಿಯನ್ನು ಮೊದಲು ಫೋನಿನಲ್ಲೇ ಉಳಿಸಿ, ಪ್ರತಿ ನಮೂದಿಗೂ ಫೋನೇ ಒಂದು ವಿಶಿಷ್ಟ ಗುರುತುಸಂಖ್ಯೆ ಕೊಡಲಿ. ಸಿಗ್ನಲ್ ಬಂದಾಗ ಮೊದಲು ಟೋಕನ್ ಹೊಸದು ಮಾಡಿಕೊಂಡು, ಆಮೇಲೆ ನಮೂದುಗಳನ್ನು ಕಳಿಸಲಿ. ಅದೇ ಗುರುತುಸಂಖ್ಯೆ ಎರಡು ಸಲ ಬಂದರೆ ಸರ್ವರ್ ಎರಡನೆಯದನ್ನು ಸುಮ್ಮನೆ ಒಪ್ಪಿಕೊಂಡು ಬಿಟ್ಟುಬಿಡಲಿ. ಇಲ್ಲವಾದರೆ ಅರ್ಧದಲ್ಲಿ ಕಡಿದ ಸಂಪರ್ಕದಿಂದ ಒಬ್ಬರಿಗೆ ಎರಡು ದಿನದ ಹಾಜರಿ ಬೀಳುತ್ತದೆ. ಅನುಮತಿಯನ್ನು ನೋಡಬೇಕಾದದ್ದು ನಮೂದು ಸರ್ವರಿಗೆ ತಲುಪಿದಾಗ. ನಡುವೆ ಮೇಸ್ತ್ರಿ ಬದಲಾಗಿದ್ದರೆ ಆ ನಮೂದನ್ನು ಎಸೆಯಬೇಡಿ. ಅದು ಯಾರದೋ ಒಂದು ದಿನದ ಕೂಲಿ. ಬಾಕಿ ಪಟ್ಟಿಗೆ ಹಾಕಿ, ರೈಟರು ನೋಡಿ ಒಪ್ಪಲಿ.

ರಿಫ್ರೆಶ್ ಟೋಕನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಒಂದು ಸಲ ಬಳಸಿದ ರಿಫ್ರೆಶ್ ಟೋಕನ್ನನ್ನು ರದ್ದು ಮಾಡಿ ಹೊಸದು ಕೊಡುವುದು, ಹಳೆಯದು ಮತ್ತೆ ಬಂದರೆ ಕಳ್ಳತನವೆಂದು ತಿಳಿದು ಆ ಲಾಗಿನ್ನಿನ ಟೋಕನ್ ಸರಣಿಯನ್ನೇ ಮುಚ್ಚುವುದು ಒಳ್ಳೆಯ ಪದ್ಧತಿ. 2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700, ಬ್ರೌಸರಿನಲ್ಲಿ ನಡೆಯುವಂಥ ಆ್ಯಪ್‌ಗಳ ರಿಫ್ರೆಶ್ ಟೋಕನ್ನನ್ನು ಹೀಗೆ ಬದಲಿಸುತ್ತಿರಬೇಕು, ಇಲ್ಲವೇ ಅದನ್ನು ಒಂದೇ ಸಾಧನಕ್ಕೆ ಕಟ್ಟಿಹಾಕಬೇಕು ಎನ್ನುತ್ತದೆ. ನಮ್ಮೂರಿನಲ್ಲಿ ಏನಾಗುತ್ತದೆ? ಫೋನ್ ಹಳೆಯ ಟೋಕನ್ ಕಳಿಸಿತು, ಸರ್ವರ್ ಅದನ್ನು ರದ್ದು ಮಾಡಿ ಹೊಸದು ಕಳಿಸಿತು, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಹೊಸದು ಫೋನಿಗೆ ಮುಟ್ಟಲೇ ಇಲ್ಲ. ಮಧ್ಯಾಹ್ನ ಸಿಗ್ನಲ್ ಬಂದಾಗ ಫೋನ್ ತನ್ನಲ್ಲಿರುವ ಹಳೆಯದನ್ನೇ ತೋರಿಸುತ್ತದೆ. ಸರ್ವರ್ ಕಳ್ಳ ಬಂದನೆಂದು ಮೇಸ್ತ್ರಿಯನ್ನು ಹೊರಹಾಕುತ್ತದೆ. ಲಾಗಿನ್ನಿಗೆ ಒಟಿಪಿ ಬೇಕು, ಒಟಿಪಿಗೂ ಸಿಗ್ನಲ್ ಬೇಕು.

ಇದಕ್ಕೆ ಪರಿಹಾರವಿದೆ. ಹೊಸ ರಿಫ್ರೆಶ್ ಟೋಕನ್ ಇನ್ನೂ ಒಮ್ಮೆಯೂ ಬಳಕೆಯಾಗಿಲ್ಲ ಎಂದಾದರೆ, ಅದರ ಹಿಂದಿನದನ್ನು ಸರ್ವರ್ ಮತ್ತೆ ಒಪ್ಪಲಿ. ಬಳಕೆಯಾಗದ ಆ ಹೊಸದನ್ನು ರದ್ದು ಮಾಡಿ ಇನ್ನೊಂದು ಕೊಡಲಿ. ಹೊಸದು ಬಳಕೆಯಾದ ಮೇಲೂ ಹಳೆಯದು ಬಂದರೆ ಆಗ ಮಾತ್ರ ಸರಣಿ ಮುಚ್ಚಲಿ. ಕಳ್ಳತನ ಪತ್ತೆಯಾಗುವುದು ಒಂದು ಹೆಜ್ಜೆ ತಡವಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇದೇ ಜಾಗದಲ್ಲಿ ಇನ್ನೊಂದು ತೊಡಕು: ಪರದೆ ತೆರೆದ ಕೂಡಲೇ ಐದಾರು ರಿಕ್ವೆಸ್ಟ್ ಒಟ್ಟಿಗೆ ಹೋಗಿ, ಎಲ್ಲಕ್ಕೂ 401 ಬಂದು, ಎಲ್ಲವೂ ಒಟ್ಟಿಗೇ ರಿಫ್ರೆಶ್ ಮಾಡಲು ಓಡುತ್ತವೆ. ಒಂದು ಮಾತ್ರ ಓಡಲಿ, ಉಳಿದವು ಅದರ ಉತ್ತರಕ್ಕೆ ಕಾಯಲಿ.

ರಿಫ್ರೆಶ್ ಟೋಕನ್ನನ್ನು ಡೇಟಾಬೇಸಿನಲ್ಲಿ ಇದ್ದಂತೆಯೇ ಇಡದೆ ಅದರ ಹ್ಯಾಶ್ ಮಾತ್ರ ಇಡಿ. ಲಾಗ್‌ಔಟ್ ಒತ್ತಿದಾಗ ಫೋನಿನಿಂದ ಅಳಿಸುವುದರ ಜೊತೆಗೆ ಸರ್ವರಿನಲ್ಲೂ ಅದು ಸಾಯಬೇಕು.

ಕೀಲಿ, ಗಡಿಯಾರ, ಕನ್ನಡ ಹೆಸರು

ಜೆಡಬ್ಲ್ಯುಟಿಯ ತಲೆಬರಹದಲ್ಲಿ ಸಹಿಯ ವಿಧಾನ ಬರೆದಿರುತ್ತದೆ. ಅದನ್ನು ನಂಬಿ ಪರೀಕ್ಷಿಸುವ ಲೈಬ್ರರಿಗಳಲ್ಲಿ ಗಂಭೀರ ದೋಷಗಳಿವೆ ಎಂಬುದು 2015ರಲ್ಲೇ ಬಯಲಾಯಿತು. 'ಸಹಿಯೇ ಇಲ್ಲ' ಎಂದು ತಲೆಬರಹದಲ್ಲಿ ಬರೆದು ಕಳಿಸಿದರೆ ಕೆಲವು ಲೈಬ್ರರಿಗಳು ಒಪ್ಪಿಬಿಡುತ್ತಿದ್ದವು. ಎಲ್ಲರಿಗೂ ಸಿಗುವ ಸಾರ್ವಜನಿಕ ಕೀಲಿಯನ್ನೇ ರಹಸ್ಯ ಕೀಲಿಯಂತೆ ಬಳಸಿ ಸಹಿ ಮಾಡಿ ಮೋಸಗೊಳಿಸುವ ದಾರಿಯೂ ಇತ್ತು. ಪರೀಕ್ಷಿಸುವಾಗ ನಿಮ್ಮ ವಿಧಾನ ಯಾವುದೆಂದು ನೀವೇ ಕೋಡಿನಲ್ಲಿ ಬರೆಯಿರಿ, ಬೇರೆಯದು ಬಂದರೆ ತಳ್ಳಿಹಾಕಿ. ಟೋಕನ್ ಬಿಚ್ಚಿ ಓದುವ ಫಂಕ್ಷನ್ ಬೇರೆ, ಸಹಿ ಪರೀಕ್ಷಿಸುವ ಫಂಕ್ಷನ್ ಬೇರೆ. ಮೊದಲನೆಯದನ್ನು ಕರೆದು ಪರೀಕ್ಷೆಯಾಯಿತು ಎಂದುಕೊಂಡ ಕೋಡ್ ಈಗಲೂ ಸಿಗುತ್ತದೆ. ಲೈಬ್ರರಿಯನ್ನೂ ಭಾಷೆಯ ಆವೃತ್ತಿಯನ್ನೂ ಹೊಸದಾಗಿಡಿ: ಜಾವಾ 15ರಿಂದ 18ರವರೆಗಿನ ಆವೃತ್ತಿಗಳು ಬರೀ ಸೊನ್ನೆಗಳಿಂದ ಕೂಡಿದ ಒಂದು ಬಗೆಯ ಸಹಿಯನ್ನೂ ಸರಿ ಎನ್ನುತ್ತಿದ್ದವು, ಅದಕ್ಕೆ 2022ರ ಏಪ್ರಿಲ್‌ನಲ್ಲಿ ತಿದ್ದುಪಡಿ ಬಂತು.

ಎಚ್‌ಎಸ್256 ಎಂಬ ಸಹಿ ವಿಧಾನ ಬಳಸುವುದಾದರೆ ರಹಸ್ಯ ಕೀಲಿ ಕನಿಷ್ಠ 32 ಬೈಟ್ ಇರಬೇಕು, ಯಂತ್ರವೇ ಯಾದೃಚ್ಛಿಕವಾಗಿ ಹುಟ್ಟಿಸಿದ್ದಾಗಿರಬೇಕು. ತೋಟದ ಹೆಸರಿಗೆ 123 ಸೇರಿಸಿದ ಕೀಲಿಯನ್ನು ಒಂದೇ ಒಂದು ಟೋಕನ್ ಸಿಕ್ಕವರು ತಮ್ಮ ಕಂಪ್ಯೂಟರಿನಲ್ಲೇ ಊಹಿಸಿ ಹಿಡಿಯಬಹುದು, ನಿಮ್ಮ ಸರ್ವರಿಗೆ ಸುಳಿವೂ ಸಿಗುವುದಿಲ್ಲ. ಕೀಲಿ ಸಿಕ್ಕರೆ ಸಾಹುಕಾರರ ಹೆಸರಿನ ಟೋಕನ್ನನ್ನು ತಾವೇ ಬರೆದುಕೊಳ್ಳಬಹುದು. ಕೀಲಿ ಗಿಟ್‌ಹಬ್‌ಗೆ ಹೋಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಿಂದಿನ ಕಮಿಟ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಕೀಲಿ ಬದಲಿಸಿ.

ಟೋಕನ್ನಿನ ಅವಧಿ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುತ್ತದೆ. ಜಾವಾಸ್ಕ್ರಿಪ್ಟ್ ಕೊಡುವ ಸಮಯ ಮಿಲಿಸೆಕೆಂಡುಗಳಲ್ಲಿ. ಸಾವಿರದಿಂದ ಭಾಗಿಸಲು ಮರೆತು ಅವಧಿ ಬರೆದರೆ ಆ ಟೋಕನ್ ಐವತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ, ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಹದಿನೈದು ನಿಮಿಷ ಕಾದು ಟೋಕನ್ ನಿಜವಾಗಿ ಸತ್ತಿತೇ ಎಂದು ಒಮ್ಮೆ ನೋಡಿ. ಅವಧಿಯನ್ನು ಫೋನಿನ ಗಡಿಯಾರದಿಂದ ತೀರ್ಮಾನಿಸಬೇಡಿ, ಹಳೆಯ ಫೋನುಗಳಲ್ಲಿ ದಿನಾಂಕವೇ ತಪ್ಪಿರುತ್ತದೆ.

ಇನ್ನು ಕನ್ನಡದವರಿಗೇ ಎದುರಾಗುವ ಒಂದು ತೊಂದರೆ. ಟೋಕನ್ನಿನೊಳಗೆ ಬಳಕೆದಾರರ ಹೆಸರನ್ನೋ ತೋಟದ ಹೆಸರನ್ನೋ ಕನ್ನಡದಲ್ಲಿ ಇಟ್ಟರೆ, ಬ್ರೌಸರಿನಲ್ಲಿ ಮೊದಲಿನಿಂದ ಇರುವ ಬೇಸ್64 ಬಿಚ್ಚುವ ಫಂಕ್ಷನ್ ಅದನ್ನು ಓದಲಾಗದ ಗೀಚಾಗಿ ತೋರಿಸುತ್ತದೆ. ಅದು ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದು ಭಾವಿಸುತ್ತದೆ. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 'ಗೋಣಿಬೀಡು' ಎಂಬುದು 8 ಸಂಕೇತ, 24 ಬೈಟ್, ಬೇಸ್64ಕ್ಕೆ ಬಂದಾಗ 32 ಅಕ್ಷರ. ಅದಕ್ಕಿಂತ ಅಪಾಯದ್ದು ಹೆಸರನ್ನು ಹೋಲಿಸಿ ಅನುಮತಿ ಕೊಡುವುದು. 'ಗೋ' ಎಂಬುದರ ದೀರ್ಘ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಅನುಮತಿಯ ತೀರ್ಮಾನ ಸಂಖ್ಯೆಯ ಮೇಲೇ ನಡೆಯಲಿ, ಹೆಸರು ತೋರಿಸಲಿಕ್ಕೆ ಮಾತ್ರ ಇರಲಿ.

ಎಲ್ಲಿ ಇಡಬೇಕು

ಬ್ರೌಸರಿನಲ್ಲಾದರೆ ರಿಫ್ರೆಶ್ ಟೋಕನ್ನನ್ನು ಕುಕಿಯಲ್ಲಿ ಇಡಿ. ಅದಕ್ಕೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಎಂಬ ಮೂರೂ ಗುರುತು ಇರಲಿ. ಆಕ್ಸೆಸ್ ಟೋಕನ್ ಮೆಮೊರಿಯಲ್ಲಿದ್ದರೆ ಸಾಕು. ಲೋಕಲ್ ಸ್ಟೋರೇಜಿನಲ್ಲಿ ಇಟ್ಟದ್ದನ್ನು ಪುಟದೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಓದುತ್ತದೆ. ಟೋಕನ್ನನ್ನು ವಿಳಾಸದ ಸಾಲಿನಲ್ಲಿ ಎಂದೂ ಹಾಕಬೇಡಿ: ಬ್ರೌಸರಿನ ಇತಿಹಾಸದಲ್ಲಿ, ಸರ್ವರ್ ಲಾಗಿನಲ್ಲಿ ಅದು ಉಳಿಯುತ್ತದೆ. ಬಟವಾಡೆ ಪಟ್ಟಿಯ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವ ಅಭ್ಯಾಸ ತೋಟಗಳಲ್ಲಿದೆ. ಆ ಲಿಂಕಿನಲ್ಲಿ ರೈಟರ ಟೋಕನ್ ಇದ್ದರೆ ಗುಂಪಿನ ಎಲ್ಲರೂ ರೈಟರೇ ಆಗಿಬಿಡುತ್ತಾರೆ. ಅದರ ಬದಲು ಆ ಒಂದು ಪಟ್ಟಿಯನ್ನು ಮಾತ್ರ ತೋರಿಸುವ, ಒಂದೆರಡು ದಿನದಲ್ಲಿ ಸಾಯುವ ಬೇರೆ ಲಿಂಕ್ ತಯಾರಿಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಒಂದೇ ಸರ್ವರ್, ಒಂದೇ ವೆಬ್‌ಸೈಟ್, ಬೆರಳೆಣಿಕೆಯ ಬಳಕೆದಾರರು ಇರುವ ಕಡೆ ಜೆಡಬ್ಲ್ಯುಟಿ ಬೇಕೇ ಬೇಕೆಂದಿಲ್ಲ. ಸರ್ವರಿನಲ್ಲಿ ಸೆಷನ್ ಇಟ್ಟು, ಅದರ ಅರ್ಥವಿಲ್ಲದ ಉದ್ದ ಸಂಖ್ಯೆಯನ್ನು ಕುಕಿಯಲ್ಲಿ ಕೊಡುವ ಹಳೆಯ ಪದ್ಧತಿಯಲ್ಲಿ ಸಹಿಯ ಗೊಂದಲವಿಲ್ಲ, ರದ್ದು ಮಾಡುವುದು ಒಂದು ಸಾಲು ಅಳಿಸಿದಷ್ಟು ಸುಲಭ. ಮೊಬೈಲ್ ಆ್ಯಪ್ ಮತ್ತು ವೆಬ್ ಎರಡೂ ಇದ್ದಾಗ, ಬೇರೆಬೇರೆ ಸರ್ವರುಗಳು ಒಂದೇ ಬಳಕೆದಾರರನ್ನು ಗುರುತಿಸಬೇಕಾದಾಗ ಜೆಡಬ್ಲ್ಯುಟಿಗೆ ಹೋಗಿ. ಗೂಗಲ್ ಲಾಗಿನ್, ಡಿಜಿಲಾಕರ್ ಇಂಥವನ್ನು ಜೋಡಿಸುವುದಾದರೆ ಓಆಥ್ ಪದ್ಧತಿ ಬೇಕಾಗುತ್ತದೆ. ಅದನ್ನು ಸ್ವಂತವಾಗಿ ಬರೆಯದೆ ಹೆಸರಾದ ಲೈಬ್ರರಿ ಬಳಸಿ, ಪಿಕೆಸಿಇ ಸಹಿತವಾದ ಕೋಡ್ ವಿಧಾನವನ್ನೇ ಆರಿಸಿ. ಯಾವುದನ್ನು ಆರಿಸಿದರೂ ದಾಖಲೆಯ ಅನುಮತಿ ನೋಡುವ ಕೆಲಸ ನಿಮ್ಮದೇ, ಅದನ್ನು ಯಾವ ಲೈಬ್ರರಿಯೂ ಮಾಡಿಕೊಡುವುದಿಲ್ಲ.

ಕಾನೂನಿನ ಮಾತು ಒಂದಿಷ್ಟು. ಕಾರ್ಮಿಕರ ಹೆಸರು, ಫೋನ್, ಕೂಲಿ, ಸಾಲ ಇವೆಲ್ಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ವೈಯಕ್ತಿಕ ದತ್ತಾಂಶ. ಅವುಗಳಿಗೆ ತಕ್ಕ ಸುರಕ್ಷತೆ ಕೊಡದಿದ್ದರೆ ಕಾಯ್ದೆಯಲ್ಲಿರುವ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಡಬೇಕು. ಯಾರು, ಯಾವಾಗ, ಯಾವ ದಾಖಲೆಯನ್ನು ತಿದ್ದಿದರು ಎಂಬುದು ಲಾಗಿನಲ್ಲಿ ಇರಲಿ, ಟೋಕನ್ ಮಾತ್ರ ಇರದಿರಲಿ.

ತೋಟದವರ ಕೈಗೆ ಆ್ಯಪ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ತೋಟ ಸೃಷ್ಟಿಸಿ, ಒಂದೊಂದರಲ್ಲೂ ಸಾಹುಕಾರರು, ರೈಟರು, ಇಬ್ಬರು ಮೇಸ್ತ್ರಿಗಳು, ಒಬ್ಬ ಕಾರ್ಮಿಕ ಇವರ ಖಾತೆ ಮಾಡಿ. ಒಬ್ಬೊಬ್ಬರ ಟೋಕನ್ ಹಿಡಿದು ಪ್ರತಿಯೊಂದು ರೂಟನ್ನೂ ಕರೆಯಿರಿ: ತಮ್ಮ ದಾಖಲೆಯ ಮೇಲೆ, ಪಕ್ಕದ ಗುಂಪಿನ ದಾಖಲೆಯ ಮೇಲೆ, ಬೇರೆ ತೋಟದ ದಾಖಲೆಯ ಮೇಲೆ, ಬಟವಾಡೆ ಮುಗಿದ ವಾರದ ಮೇಲೆ. ಯಾವುದಕ್ಕೆ 200 ಬರಬೇಕು, ಯಾವುದಕ್ಕೆ 403 ಅಥವಾ 404 ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡಿರಿ, ಆ ಪಟ್ಟಿಯನ್ನು ರೈಟರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿರಿ. ಇದನ್ನು ಸ್ವಯಂಚಾಲಿತ ಟೆಸ್ಟ್ ಆಗಿ ಬರೆದಿಟ್ಟರೆ ಮುಂದೆ ಕೋಡ್ ಬದಲಿಸಿದಾಗಲೆಲ್ಲ ತಾನೇ ಓಡುತ್ತದೆ. 403 ಅಥವಾ 404 ಬರಬೇಕಾದ ಒಂದೇ ಒಂದು ಕಡೆ 200 ಬಂದರೂ ಆ ವಾರ ಆ್ಯಪ್ ಕೊಡಬೇಡಿ, ಚೆಕ್‌ರೋಲ್ ಪುಸ್ತಕದಲ್ಲೇ ನಡೆಯಲಿ.